ಟ್ಯಾಂಕಿನ ಮೇಲಿನ ಕಾಗೆ

ಮೂವತ್ತೆಂಟು ವರ್ಷ ಶಾಲೆಯನ್ನೂ, ಕಡೆಯ ಉಸಿರಿನ ತನಕ ಮನೆಯನ್ನೂ ಒಂದೇ ಬೆತ್ತದಲ್ಲಿ ಆಳಿದ ಟೀಚರಮ್ಮನ ವರ್ಷದ ತಿಥಿ. ತಾರಸಿಯ ಮೇಲೆ ಪಿಂಡ ಇಟ್ಟು ಒಂದು ಗಂಟೆಯಾಗಿತ್ತು. ಕಾಗೆಯೇನೋ ಬಂದಿತ್ತು, ಆದರೆ ನೀರಿನ ಟ್ಯಾಂಕಿನ ಮೇಲೆ ಕತ್ತು ವಾರೆ ಮಾಡಿಕೊಂಡು ಕೂತಿತ್ತು. ಅದು ಪಿಂಡ ಮುಟ್ಟದೆ ಮನೆಯವರಿಗೂ ಊಟವಿಲ್ಲ.

ದೊಡ್ಡ ಮಗಳು ಮಂದಾಕಿನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಅಮ್ಮನಿಗೆ ಏನೋ ಬಾಕಿ ಉಳಿದಿದೆ ಕಣ್ರೋ. ತಪ್ಪು ಮಾಡಿದೋರು ಬೇಗ ಒಪ್ಕೊಳ್ಳಿ!"

"ಅಮ್ಮಾ, ನಿನ್ನ ಬೆತ್ತ ಬಾವಿಗೆ ಎಸೆದದ್ದು ನಾನೇ," ಎಂದ ತಮ್ಮ.

ಕಾಗೆ ಅಲ್ಲಾಡಲಿಲ್ಲ.

"ಅತ್ತೆ, ನೀವು ಹೊಗಳಿ ಹೊಗಳಿ ತಿಂತಿದ್ದ ನನ್ನ ಚಟ್ನಿಪುಡಿ ಅಂಗಡೀದು," ಎಂದಳು ಅವನ ಹೆಂಡತಿ.

ಮಂದಾಕಿನಿಗೆ ನಗು ತಡೆಯಲಾಗಲಿಲ್ಲ. ತಿಥಿಮನೆ ಎನ್ನುವುದನ್ನೂ ಮರೆತು ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಗೆ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಭಟ್ಟರೇ, ಇನ್ನು ನೀವೇ ಏನಾದ್ರೂ ದಾರಿ ತೋರಿಸಬೇಕು," ಎಂದಳು ಮಂದಾಕಿನಿ.

ತಿಥಿ ಮಾಡಿಸಲು ಬಂದಿದ್ದ ಭಟ್ಟರು ಬೆಳಿಗ್ಗೆಯಿಂದ ಯಾಕೋ ಟೀಚರಮ್ಮನ ಫೋಟೋ ಕಡೆ ಕಣ್ಣೆತ್ತಿರಲಿಲ್ಲ. ಈಗ ನಿಧಾನಕ್ಕೆ ಎದ್ದು, ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತರು.

"ಟೀಚರ್, ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸದೆ, ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೆಗೆ ಓಡಿದೋನು ನಾನೇ. ಈಗ ಒಪ್ಪಿಸ್ತೀನಿ. ಹತ್ತೊಂಬತ್ತೊಂದ್ಲ ಹತ್ತೊಂಬತ್ತು, ಹತ್ತೊಂಬತ್ತೆರಡ್ಲ ಮೂವತ್ತೆಂಟು..."

ಏಳಕ್ಕೆ ಬಂದಾಗ ತಪ್ಪಿದರು. ಕಾಗೆ "ಕಾ!" ಎಂದಿತು. ಭಟ್ಟರು ಕೆನ್ನೆ ಬಡಿದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.

ಅವರು "ನೂರ ತೊಂಬತ್ತು" ಎಂದು ಮುಗಿಸಿದ್ದೇ ತಡ, ಕಾಗೆ ಹಾರಿಬಂದು ಪಿಂಡಕ್ಕೆ ಬಾಯಿ ಹಾಕಿತು.