ಪರವಾಗಿಲ್ಲ

"ನಿಮ್ಮಮ್ಮನಿಗೆ ಗುಣ ಆಗಿದೆಯಲ್ಲಮ್ಮ, ಇಂಜೆಕ್ಷನ್ ಯಾಕೆ?" ಎಂದರು ವಿಮಾ ಕಚೇರಿಯ ಔಷಧಾಧಿಕಾರಿ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಮಗಳು ಪಕ್ಕದಲ್ಲಿ ಕೂತಿದ್ದ ತಾಯಿಯ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಮೂವತ್ತು ವರ್ಷ ಕಂಡವರ ಬಟ್ಟೆಯನ್ನೆಲ್ಲ ಹೊಲಿದ ಕೈ. ಗೆಣ್ಣುಗಳು ಊದಿ, ಬೆರಳುಗಳು ಒಂದು ಕಡೆಗೆ ವಾಲತೊಡಗಿದ್ದವು. "ಇದು ಗುಣ ಆದ ಕೈಯಾ ಸಾರ್? ಪೂರ್ತಿ ಸೊಟ್ಟಗಾದ್ರೆ ಆಮೇಲೆ ಯಾವ ಔಷಧಿಗೂ ನೆಟ್ಟಗಾಗಲ್ಲ ಅಂತ ಡಾಕ್ಟ್ರು ಹೇಳಿದಾರೆ. ಇಂಜೆಕ್ಷನ್ ಬರ್ಕೊಟ್ಟಿದ್ದೂ ಅವರೇ. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂದ್ರೆ ಹೇಗೆ?"

ಪೂಜಾರಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ. ಸರ್ಕಾರಿ ವಿಮೆಯ ನಿಯಮವನ್ನು ಬಿಡಿಸಿ ಹೇಳಿದರು: ಮೊದಲು ಮೂರು ತಿಂಗಳು ಅಗ್ಗದ ಮಾತ್ರೆ, ಅದರಿಂದ ಉಪಯೋಗವಾಗದಿದ್ದರೆ ಮಾತ್ರ ದುಬಾರಿ ಇಂಜೆಕ್ಷನ್. ಉಪಯೋಗವಾಯಿತೋ ಇಲ್ಲವೋ ಎಂದು ಕಚೇರಿಯವರು ಫೋನ್ ಮಾಡಿ ರೋಗಿಯನ್ನೇ ಕೇಳುತ್ತಾರೆ. "ನಾವು ಕೇಳಿದೀವಿ. ಅವರು ಹೇಳಿದ್ದನ್ನ ನೀವೇ ಕೇಳಿಸ್ಕೊಳ್ಳಿ" ಎಂದು ಒಂದು ಗುಂಡಿ ಒತ್ತಿದರು.

ಸ್ಪೀಕರಿನಿಂದ ಹುಡುಗಿಯೊಬ್ಬಳ ದನಿ: "ಅಮ್ಮಾ, ಕೈನೋವು ಹೇಗಿದೆ?" ಹಿಂದೆಯೇ ತಾಯಿಯ ದನಿ: "ಪರವಾಗಿಲ್ಲಮ್ಮ. ನೀನು ಚೆನ್ನಾಗಿದೀಯಾ? ಊಟ ಆಯ್ತಾ?"

ಮಗಳು ಹಣೆ ಚಚ್ಚಿಕೊಂಡಳು. "ಯಾಕಮ್ಮಾ ಹಾಗಂದೆ?"

"ಇನ್ನೇನನ್ಲಿ? ಪಾಪ, ಅಷ್ಟು ಅಕ್ಕರೆಯಿಂದ ಕೇಳಿದ್ಲು ಆ ಹುಡುಗಿ. ಗುರುತಿಲ್ಲದವರ ಹತ್ರ ಗೋಳು ಹೇಳ್ಕೊಂಡು ಕೂತ್ಕೊಳ್ಳೋಕಾಗುತ್ತಾ?"

ಕಂಪ್ಯೂಟರಿಗೆ ಗೊತ್ತಿರುವುದು ಮೂರೇ ಉತ್ತರ: ಗುಣವಾಗಿದೆ, ಹಾಗೇ ಇದೆ, ಹೆಚ್ಚಾಗಿದೆ. ಪರವಾಗಿಲ್ಲ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಜ್ವರ ಬಿಟ್ಟವರೂ ಪರವಾಗಿಲ್ಲ ಎನ್ನುತ್ತಾರೆ, ಜ್ವರದಲ್ಲಿ ಮಲಗಿದವರೂ ಅದನ್ನೇ ಎನ್ನುತ್ತಾರೆ; ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರ ಬಾಯಲ್ಲಂತೂ ಮೊದಲು ಬರುವುದೇ ಅದು. ಫೋನಿನ ಹುಡುಗಿ 'ಗುಣವಾಗಿದೆ' ಒತ್ತಿದ್ದಳು. ಅವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

"ಈಗ ನಾನೇ ಕೇಳ್ತೀನಿ. ಇವತ್ತಾದ್ರೆ ತಿದ್ದಬಹುದು, ಇಲ್ಲಾಂದ್ರೆ ಇನ್ನಾರು ತಿಂಗಳು ಅದೇ ಮಾತ್ರೆ" ಎಂದರು ಅಧಿಕಾರಿ. "ಹೇಳಿಮ್ಮಾ, ಕೈ ಹೇಗಿದೆ?"

ತಾಯಿ ಅವರ ಮುಖ ನೋಡಿದಳು. ಬೆಳಗಿನಿಂದ ಜನರ ಜೊತೆ ಏಗಿ ಬಾಡಿದ ಮುಖ. ಅವಳಿಗೆ ಅಯ್ಯೋ ಅನ್ನಿಸಿತು. "ಪರವಾ..." ಎನ್ನುವಷ್ಟರಲ್ಲಿ ಮಗಳು ಮೊಣಕೈಯಿಂದ ತಿವಿದಳು.

"ತಿವೀಬೇಡಿ, ಪಾಪ" ಎಂದು ಅಧಿಕಾರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನೋವಿನ ಮಾತು ಬಿಡಿಮ್ಮಾ. ಮೊದಲು ಮಾಡ್ತಿದ್ದ ಕೆಲಸದಲ್ಲಿ ಈಗ ಏನೇನು ಬಿಟ್ಟಿದೀರಿ, ಅದನ್ನ ಹೇಳಿ."

ಈ ಪ್ರಶ್ನೆಗೆ ಮರ್ಯಾದೆಯ ಉತ್ತರ ಅವಳ ಬಳಿ ಸಿದ್ಧವಿರಲಿಲ್ಲ. "ಗುಂಡಿಗೆ ಕಾಜಾ ಮಾಡೋದು ಬಿಟ್ಟೆ. ಆಮೇಲೆ ಕತ್ತರಿ ಹಿಡಿಯೋದು ಬಿಟ್ಟೆ, ಮಿಷನ್ನೂ ಮುಚ್ಚಿಟ್ಟೆ. ಮೊಮ್ಮಗಳ ತಲೆ ಬಾಚೋದು ಬಿಟ್ಟೆ." ಅಧಿಕಾರಿ ಟೈಪು ಮಾಡುತ್ತಾ ಹೋದರು. "ಹಗಲು ಹೊತ್ತು ನೀರು ಕುಡಿಯೋದು ಬಿಟ್ಟೆ."

"ನೀರಾ?" ಮಗಳು ತಿರುಗಿದಳು. "ಯಾಕೆ?"

"ನಲ್ಲಿ ತಿರುಗ್ಸೋಕೆ ಆಗಲ್ಲ ಕಣೇ. ಬೆಳಿಗ್ಗೆ ತುಂಬಿಸಿಟ್ಟು ಹೋಗು ಅನ್ನೋಣ ಅಂದ್ರೆ ನಿನಗೇ ಕೆಲಸಕ್ಕೆ ಹೋಗೋ ಅವಸರ. ಸಂಜೆ ನೀನು ಬರ್ತೀಯಲ್ಲ, ಆಗ ಕುಡೀತೀನಿ."

ಅಧಿಕಾರಿ 'ಹೆಚ್ಚಾಗಿದೆ' ಒತ್ತಿದರು. "ಇಂಜೆಕ್ಷನ್ ಮಂಜೂರಾಗುತ್ತೆ, ಯೋಚನೆ ಮಾಡಬೇಡಿ. ಇನ್ನೇನಾದ್ರೂ ಸೇರಿಸೋದಿದೆಯಾ?"

ಮಗಳು ತಾಯಿಯ ಕೈಯನ್ನೇ ನೋಡುತ್ತಿದ್ದಳು. "ತೊಟ್ಟಿಕ್ಕುತ್ತೆ ಅಂತ ದಿನಾ ಬೆಳಿಗ್ಗೆ ಆ ನಲ್ಲೀನ ಗಟ್ಟಿಯಾಗಿ ತಿರುಗಿಸಿ ಹೋಗೋಳು ನಾನೇ ಸಾರ್" ಎಂದಳು. "ಅದನ್ನೂ ಬರ್ಕೊಳ್ಳಿ."