ಎರಡು ಪದರ ಬೆಳ್ಳಿ ಬಣ್ಣ

ಹಚ್ಚಬಾರದ ಕಡೆಗೆ ಯೊಸೊ ಬಣ್ಣ ಹಚ್ಚುತ್ತಿದ್ದ.

ಬ್ರೇಕ್ ಡಿಸ್ಕಿನ ನಡುಭಾಗಕ್ಕೂ ಹೊರ ಅಂಚಿಗೂ ಬಣ್ಣ ಬಳಿದರೆ ತುಕ್ಕು ಹತ್ತುವುದಿಲ್ಲ. ಆದರೆ ಪ್ಯಾಡ್ ಕಚ್ಚುವ ಮುಖಕ್ಕೆ ಟೇಪ್ ಅಂಟಿಸಿ ಕಾಪಾಡಬೇಕು. ಅಲ್ಲಿ ಬಣ್ಣವಿದ್ದರೆ ಮೊದಲ ಸಲ ಒತ್ತಿದಾಗ ಬ್ರೇಕ್ ಜಾರುತ್ತದೆ. ಪಾಗ್ ದ್ವೀಪದಲ್ಲಿ ಮೂವತ್ತು ವರ್ಷ ಕಾರು ರಿಪೇರಿ ಮಾಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಅವನು ಹೊಸ ಡಿಸ್ಕಿನ ಮುಖಕ್ಕೂ ಬೆಳ್ಳಿ ಬಣ್ಣ ಬಳಿದ. ಒಣಗಿದ ಮೇಲೆ ಇನ್ನೊಂದು ಪದರ. ನೋಡಿದರೆ ಬಣ್ಣವೆನಿಸುತ್ತಿರಲಿಲ್ಲ, ಉಜ್ಜಿದ ಕಬ್ಬಿಣದ ಹಾಗೇ ಇತ್ತು.

ಕಾರು ದಿನ್ಕೊನದು. ಬಿಳಿಯದು, ಹಳೆಯದು, ದ್ವೀಪಕ್ಕೆಲ್ಲ ಅಂಥದ್ದು ಅದೊಂದೇ. ದಿನ್ಕೊನ ಮನೆಯ ಗರಾಜು ಗುಡ್ಡದ ಮೇಲಿದೆ. ಗೇಟು ದಾಟಿದರೆ ದಾರಿ ನೆಟ್ಟಗೆ ಇಳಿದು ಕಡಲಿನ ಕಟ್ಟೆಯಲ್ಲಿ ಮುಗಿಯುತ್ತದೆ. ಕಟ್ಟೆಗೆ ತಡೆಗೋಡೆಯಿಲ್ಲ.

ಜನವರಿಯಲ್ಲಿ, ಬುರಾ ಗಾಳಿ ಕಡಲಿನ ಉಪ್ಪನ್ನು ಊರಿಗೆಲ್ಲ ಎರಚುತ್ತಿದ್ದ ದಿನ, ಒಂದು ಕಾರು ಯೊಸೊನ ಹೆಂಡತಿ ಮಾಂದಳನ್ನು ಸವರಿಕೊಂಡು ಹೋಯಿತು. ಅವಳು ಬಂಡೆಗಳ ಮೇಲೆ ಬಿದ್ದಳು. ಕಾರು ಗಕ್ಕನೆ ನಿಂತಿತು, ಆಮೇಲೆ ಹೊರಟುಹೋಯಿತು ಎಂದು ದೂರದಿಂದ ನೋಡಿದ ಕುರಿಗಾಹಿ ಹೇಳಿದ. ಬಿಳಿ ಕಾರು ಎಂದೂ ಹೇಳಿದ. ಮಾಂದ ಬೆಳಗಿನವರೆಗೆ ಉಳಿಯಲಿಲ್ಲ.

ಮರುದಿನ ಪೊಲೀಸರು ಕೇಳಿದಾಗ ದಿನ್ಕೊ ನಕ್ಕಿದ್ದ. ತನ್ನ ಕಾರು ಅಕ್ಟೋಬರದಿಂದ ಈಸ್ಟರ್‌ವರೆಗೆ ಗರಾಜು ಬಿಟ್ಟು ಕದಲುವುದಿಲ್ಲ, ಪ್ರತಿ ವರ್ಷ ಇಲ್ಲಿಗೇ ಬಂದು ಚಕ್ರ ಬಿಚ್ಚಿ, ಬಣ್ಣ ಹಚ್ಚಿ, ಅದನ್ನು ಚಳಿಗಾಲಕ್ಕೆ ಮಲಗಿಸುವವನು ಯೊಸೊನೇ ಅಲ್ಲವೇ, ಅವನನ್ನೇ ಕೇಳಿ ಎಂದಿದ್ದ. ಒಳನಾಡಿನಿಂದ ವರ್ಗವಾಗಿ ಬಂದಿದ್ದ ಸಾರ್ಜೆಂಟ್ ತಿಹೊಮಿರ್ ಚಕ್ರದ ಕಿಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿದ. ಡಿಸ್ಕುಗಳ ಮುಖ ಕೆಂಪಗೆ ತುಕ್ಕು ಹಿಡಿದಿತ್ತು. ಓಡುವ ಕಾರಿನದು ಹೊಳೆಯುತ್ತದೆ, ಇದು ನಿಂತ ಕಾರು ಎಂದು ಬರೆದುಕೊಂಡ.

ಆ ಸಾಲನ್ನು ಯೊಸೊ ಮೂರು ಸಲ ಓದಿಸಿ ಕೇಳಿದ. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ. ದಿನ್ಕೊ ಕರೆಯುವುದನ್ನೇ ಕಾಯುತ್ತಿದ್ದ.

ಈಸ್ಟರ್ ವಾರ ಕರೆ ಬಂತು. ಡಿಸ್ಕ್ ಬದಲಾಯಿಸಬೇಕಿತ್ತು. ಯೊಸೊ ಬೆಳಗ್ಗೆಯೇ ಸಾರ್ಜೆಂಟನನ್ನೂ ಬರಹೇಳಿದ. ಅವನ ಕಣ್ಣೆದುರೇ ಹಳೆಯ ಡಿಸ್ಕ್, ಪ್ಯಾಡುಗಳನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅವನ ಕೈಗೇ ಕೊಟ್ಟ. ಸಾರ್ಜೆಂಟ್ ಏಕೆಂದು ತಿಳಿಯದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಹೊಸ ಡಿಸ್ಕ್ ಕೂರಿಸಿ ಚಕ್ರದ ಬೋಲ್ಟ್ ಬಿಗಿಯುವಾಗ ದಿನ್ಕೊ ಕಾಫಿ ಹೀರುತ್ತ ಬಂದ.

“ಸಾಹೇಬ್ರು ಮೇಸ್ತ್ರಿ ಹತ್ರ ಕೆಲಸಕ್ಕೆ ಸೇರಿದ್ರಾ? ಹಂಗಾದ್ರೂ ಬೇಗ ಮುಗೀಬೇಕಿತ್ತು.”

“ಮುಗೀತು ದಿನ್ಕೊ ಅಣ್ಣ,” ಎಂದ ಯೊಸೊ. “ಅಕ್ಟೋಬರದಲ್ಲಿ ನಾನು ಬಿಟ್ಟುಹೋದ ಹಂಗೇ ಇತ್ತಲ್ವಾ ಕಾರು?”

“ಒಂದು ಗೇಣೂ ಅಲ್ಲಾಡಿಲ್ಲ. ಬೇಕಾದ್ರೆ ಇವರನ್ನೇ ಕೇಳು, ಬರ್ಕೊಂಡಿದ್ದಾರೆ.”

“ಹಂಗಾದ್ರೆ ನೀವೇ ಓಡಿಸಿ ನೋಡಿ. ಗೇಟಿನ ಹತ್ರ ಬ್ರೇಕ್ ಒತ್ತಿ.”

“ಹಿಡಿಯುತ್ತೆ ತಾನೆ?”

“ಹಿಡೀಬೇಕಾದ್ದನ್ನ ಹಿಡಿಯುತ್ತೆ.”

ಕಾರು ಅಂಗಳ ದಾಟಿತು. ದಿನ್ಕೊ ಬ್ರೇಕ್ ಒತ್ತಿದ. ಕಾರು ಜಾರಿತು. ಮತ್ತೆ ಒತ್ತಿದ; ಕರಕರ ಸದ್ದು. ಗೇಟಿನಾಚೆ ಕಡಲು ಕಾಣುತ್ತಿತ್ತು. ಯೊಸೊ ಕದಲಲಿಲ್ಲ. ಮೂರನೇ ಸಲಕ್ಕೆ ಬ್ರೇಕ್ ಗಟ್ಟಿಯಾಗಿ ಹಿಡಿಯಿತು, ಕಾರು ಗೇಟಿಗೆ ಮೊಳದ ದೂರದಲ್ಲಿ ನಿಂತಿತು.

ದಿನ್ಕೊ ಬಿಳಿಚಿಕೊಂಡು ಇಳಿದ. ನನ್ನನ್ನು ಕೊಲ್ಲೋಕೆ ಹೊರಟಿದ್ದೀಯಾ ಎಂದು ಬೈದ. ಸಾರ್ಜೆಂಟ್ ಎದ್ದುನಿಂತ.

ಯೊಸೊ ಚಕ್ರ ಬಿಚ್ಚಿದ. ಪ್ಯಾಡ್ ಕಚ್ಚಿದ ಕಡೆಯಲ್ಲೆಲ್ಲ ಬಣ್ಣ ಕೆರೆದು ಬರಿಯ ಕಬ್ಬಿಣ ಕಾಣುತ್ತಿತ್ತು. ಹೊಸ ಪ್ಯಾಡ್ ಎಳೆದು ತೋರಿಸಿದ. ಬೆಳ್ಳಿ ಪುಡಿ ಮೆತ್ತಿಕೊಂಡಿತ್ತು. ಈ ಬರಿಯ ಕಬ್ಬಿಣಕ್ಕೆ ಉಪ್ಪುಗಾಳಿ ತಾಗಿದರೆ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ಮೇಲೆ ಬಣ್ಣ ಇದ್ದರೆ ವರ್ಷವಾದರೂ ಆಗದು ಎಂದ. ಆಮೇಲೆ ಸಾರ್ಜೆಂಟನ ಕೈಯಲ್ಲಿದ್ದ ಚೀಲದ ಬಾಯಿ ಬಿಚ್ಚಿಸಿ, ಹಳೆಯ ಪ್ಯಾಡ್ ತೆಗೆಸಿದ. ಅದಕ್ಕೂ ಅದೇ ಬೆಳ್ಳಿ ಪುಡಿ ಮೆತ್ತಿತ್ತು.

“ಈ ಸಲ ಬುರಾ ಜೋರು ಅಂತ ಹೆದರಿ, ಅಕ್ಟೋಬರದಲ್ಲೂ ಮುಖಕ್ಕೆ ಎರಡು ಪದರ ಹಚ್ಚಿದ್ದೆ ದಿನ್ಕೊ ಅಣ್ಣ, ಈಸ್ಟರ್‌ಗೆ ಹೇಳೋಣ ಅಂತಿದ್ದೆ, ಒಂದು ಗೇಣೂ ಅಲ್ಲಾಡದ ಕಾರಲ್ಲಿ ಅದನ್ನ ಕೆರೆದಿದ್ದು ಯಾರು?”