ಅಳಿಲಿನ ಹೆಸರಿನಲ್ಲಿ

"ಇವತ್ತೇ ಹೊರಟು ಹೋಗ್ತೀನಿ. ಇರೋಕೆ ಜಾಗ ನೋಡಿಟ್ಟಿದ್ದೀನಿ."

ಗುಬ್ಬಿಯ ಹೆಸರಿನಲ್ಲಿ ಮೊಬೈಲಿಗೆ ಬಂದ ಈ ಎರಡು ಸಾಲು ಓದುತ್ತಲೇ ಅಮ್ಮ ಕುರ್ಚಿ ಬಿಟ್ಟೆದ್ದಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಅವಳ ಕೌಂಟರಿನ ಆಚೆ ನೋವಿನವರ ಸಾಲು. ಕೆನ್ನೆ ಊದಿಸಿಕೊಂಡ ಒಬ್ಬರು ತಮ್ಮ ಸರದಿ ಯಾವಾಗ ಎಂದು ಕೈಸನ್ನೆಯಲ್ಲೇ ಜಗಳಕ್ಕಿಳಿದಿದ್ದರು. ಅವಳಿಗೆ ಯಾರೂ ಕಾಣಲಿಲ್ಲ. ಗುಬ್ಬಿ, ಅವಳ ಒಬ್ಬಳೇ ಮಗಳು, ಆರನೇ ಕ್ಲಾಸು. ಮನೆ ಬಿಟ್ಟು ಹೋಗುವ ವಯಸ್ಸೇ ಅದು?

"ಬೇಡ ಕಣೇ. ಎಲ್ಲಿಗೆ? ಯಾರಿದಾರೆ ಅಲ್ಲಿ?" ಎಂದು ಒತ್ತಿದಳು. ಉತ್ತರ ಬರಲಿಲ್ಲ.

ಎಲ್ಲಕ್ಕೂ ಮೂಲ ಆ ಹಾಳು ಟ್ಯಾಬ್. ಅದಿಲ್ಲದೆ ಪಾಠವೇ ಇಲ್ಲ ಎಂದು ಶಾಲೆಯವರು ಕಡ್ಡಾಯ ಮಾಡಿದ್ದರು. ಲೆಕ್ಕ ಅದರಲ್ಲೇ, ಪರೀಕ್ಷೆ ಅದರಲ್ಲೇ, ಮಕ್ಕಳ ಹರಟೆಯೂ ಅದರಲ್ಲೇ. ಕಿತ್ತುಕೊಳ್ಳಲು ಹೋದರೆ "ಹೋಮ್‌ವರ್ಕ್ ಅಮ್ಮಾ" ಎಂಬ ಒಂದೇ ಮಾತಿಗೆ ಅಮ್ಮನ ಬಾಯಿ ಬಂದ್. ತಟ್ಟೆಯ ಪಕ್ಕದಲ್ಲಿ ಟ್ಯಾಬ್, ಹಾಸಿಗೆಯಲ್ಲಿ ಟ್ಯಾಬ್. ಕೊನೆಗೆ ತಡೆಯಲಾರದೆ ಒಂದು ದಿನ ಚಪ್ಪಲಿ ಮೆಟ್ಟುತ್ತಲೇ ಗಂಡನಿಗೆ ಹೇಳಿದ್ದಳು.

"ರೀ, ಸಂಜೆ ಮನೇಲಿರೋರು ನೀವು. ಸ್ವಲ್ಪ ನೋಡ್ಕೊಳ್ಳಿ."

"ಆಯ್ತು," ಎಂದಿದ್ದ ಆತ. ಲಿಫ್ಟ್ ರಿಪೇರಿಯವನು. ಬೆಳಗಿನ ಪಾಳಿ ಮುಗಿಸಿ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದ. ಇವಳು ಕ್ಲಿನಿಕ್ ಬಾಗಿಲು ಹಾಕಿ ಬರುವಷ್ಟರಲ್ಲಿ ಅವನಿಗೆ ಮಲಗುವ ಹೊತ್ತು.

ಆತ ಅಷ್ಟೆಲ್ಲ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಅವಳಿಗಿರಲಿಲ್ಲ. ಹಾಗಾಗಿ ತಾನೇ ಒಂದು ಉಪಾಯ ಮಾಡಿದಳು. ಶಾಲೆಯ ಆ್ಯಪಿನ ಹರಟೆ ಗುಂಪಿಗೆ ಸೇರುವ ಕೋಡ್ ಪೋಷಕರ ಹತ್ತಿರವೂ ಇತ್ತು. ಮಕ್ಕಳೆಲ್ಲ ಅಡ್ಡಹೆಸರಿನಲ್ಲೇ ಇರುತ್ತಿದ್ದರು. ಗುಬ್ಬಿ ಅಲ್ಲೂ ಗುಬ್ಬಿಯೇ. ಅಮ್ಮ ಅಳಿಲಾದಳು.

"ಊಟ ಆಯ್ತಾ?" ಎಂದು ಅಳಿಲು ಗುಬ್ಬಿಯೊಬ್ಬಳಿಗೇ ಬರೆದು ಕೇಳಿತು.

"ಯಾರು ನೀನು?"

"ಪಕ್ಕದ ಸೆಕ್ಷನ್."

ತುಂಬ ಹೊತ್ತಾದ ಮೇಲೆ ಉತ್ತರ ಬಂತು. "ಆಯ್ತು. ನಿಂದಾಯ್ತಾ?"

ಅಲ್ಲಿಂದ ಶುರು. ಮೊದಮೊದಲು ಅಮ್ಮ ಬೀಗಿದಳು. ಮಗಳು ಒಂದು ಒತ್ತಕ್ಷರವೂ ತಪ್ಪದೆ ಬರೆಯುತ್ತಾಳಲ್ಲ! ಆಮೇಲೆ ಓದಿದ್ದು ಮಾತ್ರ ಕರುಳು ಹಿಂಡಿತು.

"ಈ ಮನೇಲಿ ನನ್ನ ಜೊತೆ ಮಾತಾಡೋರೇ ಇಲ್ಲ. ಬಾಗಿಲು, ಹಾಲು, ಗ್ಯಾಸು, ಇಷ್ಟೇ. ನಾನು ಒಳಗೆ ಬಂದ್ರೂ ಯಾರೂ ತಲೆ ಎತ್ತಲ್ಲ. ರಾತ್ರಿ ನಿದ್ದೆ ಹತ್ತಲ್ಲ."

ಗ್ಲೌಸಿನ ಡಬ್ಬಗಳಿಟ್ಟ ಕೋಣೆಗೆ ಹೋಗಿ ಅತ್ತಳು. ಮನೆಯಲ್ಲಿ ಕಿಲಕಿಲ ನಗುತ್ತ, ಎಬ್ಬಿಸಿದರೂ ಏಳದೆ ಗೊರಕೆ ಹೊಡೆಯುವ ಹುಡುಗಿ, ಒಳಗೊಳಗೇ ಇಷ್ಟು ನೊಂದಿದ್ದಾಳೆಯೇ? ತಾನು ಎಂಥ ತಾಯಿ?

"ಏನು ಮಾಡಿದ್ರೆ ನಿಂಗೆ ಖುಷಿ?" ಎಂದು ಅಳಿಲು ಕೇಳಿತು.

"ಒಂದು ಸಲ ಜೊತೆಗೆ ಕೂತು ಊಟ ಮಾಡಿದ್ರೆ ಸಾಕು."

ಮರುದಿನವೇ ಡಾಕ್ಟರಮ್ಮನ ಕೈಕಾಲು ಹಿಡಿದು ಬೇಗ ಮನೆಗೆ ಹೋದಳು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒತ್ತಾಯ ಮಾಡಿ ಬಡಿಸಿ, ಕ್ಲಾಸಿನ ಕಥೆಯೆಲ್ಲ ಕೇಳಿದಳು. ಆ ಸಡಗರದಲ್ಲಿ ಗಂಡನನ್ನು ಊಟಕ್ಕೆ ಕರೆಯುವುದೇ ಮರೆತುಹೋಯಿತು. ಅವನೇ ಬಡಿಸಿಕೊಂಡು ಅಡುಗೆಮನೆಯಲ್ಲಿ ನಿಂತು ಉಂಡ.

ಮರುದಿನ ಅಳಿಲು ಆಸೆಯಿಂದ ಕೇಳಿತು. "ನಿನ್ನೆ ಊಟ ಹೇಗಿತ್ತು?"

"ಯಾವಾಗಿನ ಹಾಗೇ."

ಅವಳ ಎದೆ ಒಡೆದುಹೋಯಿತು. ಇನ್ನೇನು ಮಾಡಬೇಕೆಂದೇ ತೋಚಲಿಲ್ಲ. ಇವತ್ತು ಬೆಳಿಗ್ಗೆ, ಕೆಲಸಕ್ಕೆ ಹೊರಟಿದ್ದ ಗಂಡನನ್ನು ಬಾಗಿಲಲ್ಲೇ ತಡೆದಳು.

"ಗುಬ್ಬಿ ಯಾಕೋ ಸರಿಯಿಲ್ಲ ರೀ. ನಿಮಗೇನಾದ್ರೂ ಹೇಳಿದ್ಲಾ?"

"ಗುಬ್ಬಿ ಚೆನ್ನಾಗೇ ಇದ್ದಾಳೆ."

"ನಿಮಗೆಲ್ಲಿ ಗೊತ್ತಾಗುತ್ತೆ ಬಿಡಿ."

ಆತ ಟೂಲ್ ಬ್ಯಾಗನ್ನು ಹೆಗಲಿಗೇರಿಸಿ ಅಲ್ಲೇ ನಿಂತ. "ಬೇರೇನಾದ್ರೂ ಕೇಳೋದಿತ್ತಾ?"

"ಹಾಲು ತಗೊಂಡು ಬನ್ನಿ."

ಈಗ ನೋಡಿದರೆ ಈ ಎರಡು ಸಾಲು. ಅವಳು ಡಾಕ್ಟರಮ್ಮನಿಗೂ ಹೇಳಲಿಲ್ಲ. ಕೆನ್ನೆ ಊದಿದವರನ್ನೆಲ್ಲ ಹಾಗೇ ಬಿಟ್ಟು ಬೀದಿಗಿಳಿದಳು. ಆಟೋದಲ್ಲಿ ಕೂತು ಗಂಡನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಬೇಕಾದಾಗ ಎಂದಾದರೂ ಎತ್ತಿದ್ದುಂಟೇ ಆ ಮನುಷ್ಯ ಎಂದು ಬೈದುಕೊಂಡಳು. ಯಾರೋ ಮಗುವನ್ನು ಪುಸಲಾಯಿಸಿರಬೇಕು. ಗೇಟು ದಾಟಿ ಹೋಗಿಬಿಟ್ಟಿದ್ದರೆ?

ಶಾಲೆಯ ಗೇಟು ಆಗತಾನೆ ತೆರೆದಿತ್ತು. ಮಕ್ಕಳ ಹಿಂಡಿನ ನಡುವೆ, ಬಿಚ್ಚಿದ ಲೇಸು ಎಳೆದುಕೊಂಡು, ಪೆನ್ಸಿಲ್ ಕಚ್ಚುತ್ತ ಗುಬ್ಬಿ ಬಂದಳು. ಅಮ್ಮ ಓಡಿಹೋಗಿ ಬಾಚಿ ತಬ್ಬಿಕೊಂಡಳು. ಅಳು ಉಕ್ಕಿ ಬಂತು.

"ಅಮ್ಮ, ನೀನ್ಯಾಕೆ ಬಂದೆ? ಅಪ್ಪ ಎಲ್ಲಿ?"

"ನನ್ನ ಬಿಟ್ಟು ಎಲ್ಲಿಗೆ ಹೋಗ್ಬೇಕು ಅಂತಿದ್ದೆ? ನಿಜ ಹೇಳು, ಬೈಯಲ್ಲ."

"ನಾನಾ? ಮನೆಗೆ."

"ಮುಚ್ಚಿಡ್ಬೇಡ ಪುಟ್ಟಾ. ನೀನು ಬರೆದಿದ್ದೆಲ್ಲ ಓದಿದ್ದೀನಿ. ಎಲ್ಲಿ, ಆ ಟ್ಯಾಬ್ ಕೊಡು."

ಗುಬ್ಬಿ ಮುಖ ಊದಿಸಿದಳು. "ಟ್ಯಾಬ್ ನನ್ನ ಹತ್ರ ಎಲ್ಲಿದೆ? ನೋಡ್ಕೊಳ್ಳಿ ಅಂತ ನೀನು ಹೇಳಿದ ದಿನವೇ ಅಪ್ಪ ಇಸ್ಕೊಂಡ್ರು. ಹೋಮ್‌ವರ್ಕ್ ಮುಗಿಯೋ ತನಕ ಪಕ್ಕದಲ್ಲೇ ಕೂತಿರ್ತಾರೆ. ಮುಗಿದ ತಕ್ಷಣ ತಮ್ಮ ಬ್ಯಾಗಿಗೆ ಹಾಕ್ಕೊಳ್ತಾರೆ. ಕೆಲಸಕ್ಕೂ ತಗೊಂಡು ಹೋಗ್ತಾರೆ. ತರದೇ ಇದ್ರೆ ಕ್ಲಾಸಲ್ಲಿ ಸ್ಕೂಲಿನವರೇ ಒಂದು ಕೊಡ್ತಾರೆ. ನಿಂಗೆ ಗೊತ್ತಿಲ್ವಾ?"

ಅಮ್ಮನ ಕೈಯಲ್ಲಿದ್ದ ಮೊಬೈಲು ಸದ್ದು ಮಾಡಿತು. ಗುಬ್ಬಿಯ ಹೆಸರಿನಿಂದ ಮತ್ತೊಂದು ಸಂದೇಶ.

"ಅಳಿಲೇ, ನೀನು ಅಂತ ಮೊದಲನೇ ದಿನವೇ ಗೊತ್ತಾಯ್ತು. ಮಗಳನ್ನ ಇವತ್ತು ನೀನೇ ಕರ್ಕೊಂಡು ಹೋಗು, ನಾನು ಹೊರಟೆ."